ಓದುಗರ ಪ್ರಶ್ನೆ: ಪಾಳುಬಿದ್ದ ಕೋಟೆಯಲ್ಲಿ ನೋಡುವುದೇನು?

ಪ್ರಶ್ನೆ: ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿರುವ ಕಾರ್ಫ್ ಕೋಟೆಗೆ ಹೋಗಲಿದ್ದೇವೆ. ಫೋಟೊಗಳಲ್ಲಿ ಬರೀ ಒಡೆದು ವಾಲಿದ ಗೋಡೆಗಳೇ ಕಾಣುತ್ತವೆ. ಅಲ್ಲಿ ಏನನ್ನು ಗಮನಿಸಬೇಕು?

ಉತ್ತರ: ಆ ಗೋಡೆಗಳು ಹಳತಾಗಿ ಬಿದ್ದವಲ್ಲ, ಬೇಕೆಂದೇ ಕೆಡವಿದವು. ಇಂಗ್ಲೆಂಡಿನ ರಾಜನ ಪಕ್ಷಕ್ಕೂ ಪಾರ್ಲಿಮೆಂಟ್ ಪಕ್ಷಕ್ಕೂ ನಡೆದ ಅಂತರ್ಯುದ್ಧದಲ್ಲಿ, 1646ರಲ್ಲಿ, ಕೋಟೆ ಪಾರ್ಲಿಮೆಂಟ್ ಪಕ್ಷದ ಕೈಸೇರಿತು. ಎದುರಾಳಿಗಳಿಗೆ ಅದು ಮತ್ತೆ ನೆಲೆಯಾಗಬಾರದೆಂದು ಬುಡ ತೋಡಿ ಸಿಡಿಮದ್ದು ಹಾಕಿದರು. ಗೋಡೆಯ ಎರಡೂ ಮೈಗೆ ಕೆತ್ತಿದ ಕಲ್ಲು, ನಡುವೆ ಸುಣ್ಣದ ಗಾರೆಯಲ್ಲಿ ಕಲಸಿದ ಚೂರುಗಲ್ಲು. ಗಾರೆಯ ಹಿಡಿತ ಬಲವಾಗಿದ್ದುದರಿಂದ ಗೋಡೆ ಪುಡಿಯಾಗದೆ ದೊಡ್ಡ ದೊಡ್ಡ ಗಡ್ಡೆಗಳಾಗಿ ಉರುಳಿತು. ಎರಡನೆಯ ಹೆಬ್ಬಾಗಿಲ ಒಂದು ಪಕ್ಕವಂತೂ ನಿಂತ ನಿಲುವಿನಲ್ಲೇ ಕೆಳಕ್ಕೆ ಜಾರಿದೆ. ಇಲ್ಲಿ ಅವಸರ ಮಾಡಬೇಡಿ.

ಯಾವುದೇ ಕೋಟೆಯ ಹೆಬ್ಬಾಗಿಲಲ್ಲಿ ಎರಡೂ ಕಡೆ ಕಲ್ಲಿನಲ್ಲಿ ಮೇಲಿಂದ ಕೆಳಗೆ ಕೊರೆದ ಗೀರು ಹುಡುಕಿ. ತೂಗುಬಾಗಿಲು ಇಳಿಯುತ್ತಿದ್ದುದು ಅದರೊಳಗೆ. ಒಳಗೋಡೆಯಲ್ಲಿ ಒಂದೇ ಮಟ್ಟಕ್ಕೆ ಸಾಲಾಗಿರುವ ಚೌಕ ಗೂಡುಗಳಲ್ಲಿ ತೊಲೆ ಕೂರುತ್ತಿತ್ತು. ಅಂದರೆ ಅಲ್ಲೊಂದು ಅಂತಸ್ತಿತ್ತು. ತೊಲೆಗಳು ಕೊಳೆತೋ ಕಿತ್ತೊಯ್ದೋ ಹೋದ ಮೇಲೆ ಅಗ್ಗಿಷ್ಟಿಕೆಯೂ ಬಾಗಿಲೂ ಗೋಡೆಯ ನಡುವೆ ನೇತಾಡುತ್ತವೆ. ಆ ಸಾಲನ್ನು ಕಣ್ಣಲ್ಲೇ ಜೋಡಿಸಿಕೊಂಡರೆ ಕಾಣೆಯಾದ ಕೋಣೆ ಎದ್ದು ನಿಲ್ಲುತ್ತದೆ. ಹೊರಮೈಯಲ್ಲಿ ಚದುರಿದ ಸಣ್ಣ ತೂತುಗಳು ಕಟ್ಟುವಾಗ ಸಾರುವೆ ನೆಟ್ಟ ಗುರುತು. ಎರಡನ್ನೂ ಗೊಂದಲ ಮಾಡಿಕೊಳ್ಳಬೇಡಿ. ಬಾಣಗಂಡಿಯನ್ನು ಒಳಗಿನಿಂದ ನೋಡಿ: ಹೊರಗೆ ಸೀಳಷ್ಟೇ, ಒಳಗೆ ಬಿಲ್ಲುಗಾರ ಪಕ್ಕಕ್ಕೆ ತಿರುಗುವಷ್ಟು ಅಗಲ.

ಪ್ರಶ್ನೆ: ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಿಬಿಡಬಾರದೇಕೆ? ಗೋಡೆಯ ತಲೆಯ ಮೇಲೆ ಹುಲ್ಲು ಬೆಳೆದರೂ ಬಿಟ್ಟಿರುತ್ತಾರಲ್ಲ?

ಉತ್ತರ: ಸುಣ್ಣದ ಗಾರೆ ಮೆದು, ಒಳಗೆ ಸೇರಿದ ತೇವ ಅದರ ಮೂಲಕ ಆರಿಹೋಗುತ್ತದೆ. ಸಿಮೆಂಟ್ ಆ ದಾರಿ ಮುಚ್ಚುತ್ತದೆ. ತೇವ ಕಲ್ಲಿನೊಳಗೇ ಉಳಿದು, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗಿ, ಕಲ್ಲಿನ ಮೈ ಪದರ ಪದರವಾಗಿ ಏಳುತ್ತದೆ. ಗಾರೆ ಉಳಿದು ಕಲ್ಲೇ ಸವೆಯುವುದಕ್ಕಿಂತ ದೊಡ್ಡ ನಷ್ಟವಿಲ್ಲ. ಛಾವಣಿಯಿಲ್ಲದ ಗೋಡೆಗೆ ತೆಳುಮಣ್ಣಿನ ಹುಲ್ಲು ಹೊದಿಕೆಯಾಗುತ್ತದೆ: ಮಳೆನೀರು ಹೀರುತ್ತದೆ, ಹಿಮದ ಪೆಟ್ಟನ್ನು ತಗ್ಗಿಸುತ್ತದೆ. ಕೆಲವೆಡೆ ಬೇಕೆಂದೇ ಹಾಸಿರುತ್ತಾರೆ. ಮರದ ಸಸಿ ಬೇರೆ ಮಾತು. ಬೇರು ದಪ್ಪವಾದಂತೆ ಕಲ್ಲನ್ನು ಸರಿಸುತ್ತದೆ. ದಪ್ಪ ಐವಿ ಬಳ್ಳಿಯನ್ನು ಎಳೆದು ಕಿತ್ತರೆ ಗಾರೆಯೂ ಜತೆಗೆ ಬರುತ್ತದೆ. ಆದ್ದರಿಂದ ದಯವಿಟ್ಟು ಗೋಡೆ ಹತ್ತಬೇಡಿ, ಬಳ್ಳಿ ಎಳೆಯಬೇಡಿ.

ಪ್ರಶ್ನೆ: ವಯಸ್ಸಾದವರನ್ನು ಕರೆದೊಯ್ಯಬಹುದೇ?

ಉತ್ತರ: ಕಾರ್ಫ್ ಗುಡ್ಡದ ಮೇಲಿದೆ, ದಾರಿ ಕಡಿದು, ಏರುಪೇರು. ಕೆಳ ಅಂಗಳದವರೆಗೆ ಕರೆದೊಯ್ದರೂ ನೋಡುವುದು ಸಾಕಷ್ಟಿದೆ. ಹಿಡಿತವಿರುವ ಅಡಿಯ ಬೂಟು ಬೇಕು. ಒದ್ದೆ ಸುಣ್ಣಕಲ್ಲು ಜಾರುತ್ತದೆ. ಬೇರೆ ಕೋಟೆಗಳ ಸುರುಳಿ ಮೆಟ್ಟಿಲಲ್ಲಿ ಯಾವಾಗಲೂ ಅಗಲವಿರುವ ಹೊರಬದಿಯಲ್ಲಿ ಕಾಲಿಡಿ, ಇಳಿಯುವಾಗ ಹಗ್ಗವನ್ನೋ ಕಂಬಿಯನ್ನೋ ಬಿಡಬೇಡಿ. ಬಿರುಗಾಳಿಯ ದಿನ ಕೋಟೆಗಳನ್ನು ಮುಚ್ಚುವುದುಂಟು, ಹೊರಡುವ ಬೆಳಿಗ್ಗೆ ವಿಚಾರಿಸಿಕೊಳ್ಳಿ. ಕಾರ್ಫ್‌ನ ನಿರ್ವಹಣೆ ಹಳೆಯ ತಾಣಗಳನ್ನು ಕಾಪಾಡುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ನದು.