ಹೆಸರು ತಿಳಿಯುವವರೆಗಿನ ಮೌನ

ನಿಮ್ಮ ಪತ್ರವನ್ನು ಎರಡು ಬಾರಿ ಓದಿದೆ. ಅಮೆರಿಕಕ್ಕೆ ಬಂದು ನಾಲ್ಕೇ ತಿಂಗಳಾಗಿರುವ ನೀವು ಬಾಡಿಗೆ ಮನೆ, ಡ್ರೈವಿಂಗ್ ಲೈಸೆನ್ಸ್, ಕ್ರೆಡಿಟ್ ಸ್ಕೋರ್ ಇವುಗಳ ಬಗ್ಗೆ ವಿಚಾರಿಸುತ್ತೀರಿ ಎಂದುಕೊಂಡಿದ್ದೆ. ನೀವು ಕೇಳಿರುವುದು ಬೇರೆಯೇ. ಕಚೇರಿಯ ಊಟದ ಕೋಣೆಯ ಟಿವಿಯಲ್ಲಿ ಗುಂಡಿನ ದಾಳಿಯೊಂದರ ಸುದ್ದಿ ಬರುತ್ತಿದ್ದಾಗ, ಕೊಂದವನದು ಮುಸ್ಲಿಂ ಹೆಸರೆಂದು ತಿಳಿದ ಕೂಡಲೇ ಸಹೋದ್ಯೋಗಿಯೊಬ್ಬರು ನಿಮ್ಮತ್ತ ತಿರುಗಿ ನಿಮ್ಮ ಧರ್ಮ ಯಾವುದೆಂದು ಕೇಳಿದರೆಂದೂ, ಅದಕ್ಕೆ ಎರಡು ವಾರ ಮೊದಲು ನಡೆದ ಇನ್ನೊಂದು ದಾಳಿಯ ದಿನ ಅದೇ ಕೋಣೆಯಲ್ಲಿ ಕೊಂದವನ ಮಾನಸಿಕ ಸ್ಥಿತಿಯ ಬಗ್ಗೆ ಚರ್ಚೆಯಾಯಿತೇ ಹೊರತು ಅವನ ಧರ್ಮದ ಮಾತು ಯಾರ ಬಾಯಲ್ಲೂ ಬರಲಿಲ್ಲವೆಂದೂ ಬರೆದಿದ್ದೀರಿ. ಇನ್ನೊಮ್ಮೆ ಹೀಗಾದರೆ "ನಾನು ಹಿಂದೂ, ಮುಸ್ಲಿಂ ಅಲ್ಲ" ಎಂದು ಹೇಳಿ ಮಾತು ಮುಗಿಸಬಹುದೇ ಎಂಬುದು ನಿಮ್ಮ ಪ್ರಶ್ನೆ. ದಯವಿಟ್ಟು ಹಾಗೆ ಹೇಳಬೇಡಿ. ಕಾರಣ ತಿಳಿಸಲು ನಾನು ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

ನಾನು ಇಲ್ಲಿಗೆ ಬಂದದ್ದು 1994ರ ಕೊನೆಯಲ್ಲಿ. ಮರುವರ್ಷ ಏಪ್ರಿಲ್ 19ರಂದು ಒಕ್ಲಹೋಮ ಸಿಟಿಯ ಸರ್ಕಾರಿ ಕಟ್ಟಡದ ಮುಂದೆ ಬಾಡಿಗೆ ಟ್ರಕ್ಕೊಂದರಲ್ಲಿದ್ದ ಬಾಂಬು ಸಿಡಿದು 168 ಮಂದಿ ಸತ್ತರು. ಅವರಲ್ಲಿ 19 ಮಕ್ಕಳಿದ್ದರು. ಅಂದು ಸಂಜೆಯಿಂದಲೇ ಟಿವಿಯಲ್ಲಿ ಕುಳಿತ ಪರಿಣತರು ಇದರಲ್ಲಿ ಮಧ್ಯಪ್ರಾಚ್ಯದವರ ಕೈವಾಡ ಕಾಣುತ್ತಿದೆ ಎಂದು ಹೇಳತೊಡಗಿದ್ದರು. ಎರಡು ದಿನ ಕಳೆದ ಮೇಲೆ, ಕಿತ್ತಳೆ ಬಣ್ಣದ ಜೈಲು ಉಡುಪು ತೊಟ್ಟ, ಸಿಪಾಯಿಯಂತೆ ತಲೆಗೂದಲು ಕತ್ತರಿಸಿಕೊಂಡಿದ್ದ ಒಬ್ಬ ಬಿಳಿಯ ತರುಣನನ್ನು ಪೊಲೀಸರು ನ್ಯಾಯಾಲಯದ ಕಟ್ಟಡದಿಂದ ಹೊರಗೆ ನಡೆಸಿಕೊಂಡು ಬಂದರು. ಅವನು ತಿಮೋತಿ ಮೆಕ್ವೇ, ಕೊಲ್ಲಿ ಯುದ್ಧದಲ್ಲಿ ಹೋರಾಡಿದ್ದ ಮಾಜಿ ಸೈನಿಕ, ಕ್ಯಾಥೊಲಿಕ್ ಮನೆಯಲ್ಲಿ ಬೆಳೆದವನು. ಅವನ ಸಿಟ್ಟು ಫೆಡರಲ್ ಸರ್ಕಾರದ ಮೇಲಿತ್ತು. ಆ ಕೃತ್ಯಕ್ಕೂ ಚರ್ಚಿಗೂ ಸಂಬಂಧವಿರಲಿಲ್ಲ. ಹಾಗಾಗಿ ಯಾವ ಪಾದ್ರಿಯನ್ನೂ ಕ್ಯಾಮೆರಾದ ಮುಂದೆ ನಿಲ್ಲಿಸಿ ಇದನ್ನು ಖಂಡಿಸುತ್ತೀರಾ ಎಂದು ಕೇಳಲಿಲ್ಲ, ಕೇಳದೆ ಇದ್ದದ್ದು ಸರಿಯೂ ಆಗಿತ್ತು. ಆದರೆ ಹಿಂದಿನ ಎರಡು ದಿನ ಈ ದೇಶದ ಅರಬ್ಬಿ ಕುಟುಂಬಗಳು ಬಾಗಿಲು ಹಾಕಿಕೊಂಡು ಹೇಗೆ ಕಳೆದಿರಬಹುದೆಂದು ನಾನು ಯೋಚಿಸಿದ್ದು ಬಹಳ ತಡವಾಗಿ, ನನ್ನದೇ ಸರದಿ ಬಂದಾಗ.

2001ರ ಸೆಪ್ಟೆಂಬರ್ 11 ಆದ ವಾರದ ಮಾತು. ಹೈದರಾಬಾದಿನ ಒಬ್ಬ ಮುಸ್ಲಿಂ ಸಹೋದ್ಯೋಗಿ ಮತ್ತು ನಾನು ಆಗ ಒಂದೇ ಕಾರಿನಲ್ಲಿ ಕಚೇರಿಗೆ ಹೋಗಿಬರುತ್ತಿದ್ದೆವು; ಒಂದು ವಾರ ಅವರ ಕಾರು, ಒಂದು ವಾರ ನನ್ನದು. ಗ್ಯಾಸ್ ಸ್ಟೇಷನ್‌ನಲ್ಲಿ ನಾನು ಇಳಿದು ಪೆಟ್ರೋಲ್ ತುಂಬಿಸುತ್ತಿದ್ದಾಗ ಪಕ್ಕದ ಪಂಪಿನವನು ನೀವು ಯಾವ ಜನ ಎಂದು ಒರಟಾಗಿಯೇ ಕೇಳಿದ. ನೀವು ಹೇಳಬಹುದೇ ಎಂದು ಕೇಳಿರುವ ಅದೇ ವಾಕ್ಯವನ್ನು, ಅವನಿಗೆ ಕೇಳಿಸಲಿ ಎಂದು ಸ್ವಲ್ಪ ಗಟ್ಟಿಯಾಗಿ ನಾನು ಅಂದು ಹೇಳಿದೆ. ಅವನು ತಲೆಯಾಡಿಸಿ ಸುಮ್ಮನಾದ. ಕಾರಿನ ಕಿಟಕಿಯ ಗಾಜು ಅರ್ಧ ಇಳಿದಿತ್ತು; ಒಳಗೆ ಕುಳಿತಿದ್ದ ನನ್ನ ಮಿತ್ರರು ಮಂಡಿಯ ಮೇಲಿದ್ದ ಚೀಲದ ಪಟ್ಟಿಯನ್ನು ಬಿಚ್ಚುತ್ತ ಮತ್ತೆ ಹಾಕುತ್ತ ಇದ್ದರು. ಕಚೇರಿ ತಲುಪುವವರೆಗೆ ಇಬ್ಬರೂ ಮಾತನಾಡಲಿಲ್ಲ. ಮುಂದಿನ ಸೋಮವಾರದಿಂದ ಅವರು ತಮ್ಮ ಕಾರಿನಲ್ಲಿ ಒಬ್ಬರೇ ಬರತೊಡಗಿದರು.

ನಾಚಿಕೆಯ ಮಾತು ಹಾಗಿರಲಿ. ಆ ವಾಕ್ಯದಿಂದ ರಕ್ಷಣೆಯೂ ಸಿಗುವುದಿಲ್ಲ. ಅದೇ ಸೆಪ್ಟೆಂಬರ್ 15ರಂದು ಅರಿಜೋನದ ಮೇಸಾದಲ್ಲಿ ತಮ್ಮ ಗ್ಯಾಸ್ ಸ್ಟೇಷನ್ನಿನ ಮುಂದೆ ಹೂವಿನ ಗಿಡ ನೆಡುತ್ತಿದ್ದ ಬಲ್ಬೀರ್ ಸಿಂಗ್ ಸೋಧಿ ಅವರನ್ನು, ತಲೆಯ ಮೇಲಿನ ಪೇಟ ನೋಡಿ ಗುಂಡಿಕ್ಕಿ ಕೊಂದರು. 2012ರ ಆಗಸ್ಟ್ 5ರಂದು ವಿಸ್ಕಾನ್ಸಿನ್‌ನ ಓಕ್ ಕ್ರೀಕ್ ಗುರುದ್ವಾರದಲ್ಲಿ ಆರು ಮಂದಿ ಸತ್ತರು; ಗಾಯಗೊಂಡು ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದ ಇನ್ನೊಬ್ಬರು 2020ರಲ್ಲಿ ತೀರಿಕೊಂಡರು. ಕೊಂದವನು ಬಿಳಿಯರೇ ಶ್ರೇಷ್ಠರೆಂದು ನಂಬಿದ್ದ ಮಾಜಿ ಸೈನಿಕ. ಇನ್ನು 2017ರ ಫೆಬ್ರವರಿಯಲ್ಲಿ ಕ್ಯಾನ್ಸಸ್‌ನ ಒಲೇಥಾದ ಬಾರೊಂದರಲ್ಲಿ ಇಂಜಿನಿಯರ್ ಶ್ರೀನಿವಾಸ್ ಕುಚಿಭೋಟ್ಲ ಅವರನ್ನು ಕೊಂದವನು ಕೇಳಿದ್ದು ವೀಸಾ ಯಾವುದೆಂದು. ಆಮೇಲೆ ಇನ್ನೊಂದು ಊರಿಗೆ ಓಡಿಹೋಗಿ ತಾನು ಇಬ್ಬರು ಇರಾನಿಗಳನ್ನು ಕೊಂದೆ ಎಂದು ಹೇಳಿಕೊಂಡ. ನಿಮ್ಮ ಜನಿವಾರವೋ ಲಿಂಗವೋ ಅಂಥವನ ಕಣ್ಣಿಗೆ ಬೀಳುವುದಿಲ್ಲ, ಮೈಬಣ್ಣ ಬೀಳುತ್ತದೆ.

ಹಾಗೆಂದು ದಾಳಿಕೋರನ ಧರ್ಮದ ಮಾತೇ ಎತ್ತಬಾರದೆಂದು ನಾನು ಹೇಳುತ್ತಿಲ್ಲ. ಅಲ್ ಖೈದಾ ತನ್ನ ಕೊಲೆಗಳಿಗೆ ಧರ್ಮದ ಹೆಸರನ್ನು ತಾನೇ ಕೊಟ್ಟುಕೊಂಡಿದೆ. ಅದನ್ನು ಮರೆಮಾಚುವುದು ಸುಳ್ಳಾಗುತ್ತದೆ. 2009ರಲ್ಲಿ ಫೋರ್ಟ್ ಹುಡ್ ಸೇನಾ ನೆಲೆಯಲ್ಲಿ ಮೇಜರ್ ನಿದಾಲ್ ಹಸನ್ 13 ಮಂದಿಯನ್ನು ಕೊಂದಾಗ ರಕ್ಷಣಾ ಇಲಾಖೆ ಅದನ್ನು ಕೆಲಸದ ಸ್ಥಳದ ಹಿಂಸಾಚಾರವೆಂದು ಕರೆದು ಮುಜುಗರಕ್ಕೀಡಾಯಿತು. ಇಲ್ಲಿಯ ಸಂಸತ್ತಾದ ಕಾಂಗ್ರೆಸ್ ಕಾನೂನು ಬದಲಾಯಿಸಿದ ಮೇಲೆಯೇ, 2015ರಲ್ಲಿ, ಅಲ್ಲಿನ ಸೈನಿಕರಿಗೆ, ಶತ್ರುವಿನ ದಾಳಿಯಲ್ಲಿ ಗಾಯಗೊಂಡವರಿಗೂ ಮಡಿದವರಿಗೂ ಕೊಡುವ ಪರ್ಪಲ್ ಹಾರ್ಟ್ ಪದಕ ಸಿಕ್ಕಿದ್ದು. ಸಂಕೋಚದಿಂದ ಮುಚ್ಚಿಡುವುದೂ ತಾರತಮ್ಯವೇ. ನನ್ನ ತಕರಾರು ಅಳತೆಗೋಲಿನದು. ನಾರ್ವೆಯಲ್ಲಿ 2011ರ ಜುಲೈ 22ರಂದು 77 ಮಂದಿಯನ್ನು ಕೊಂದ ಬ್ರೇವಿಕ್, ತಾನು ಕ್ರೈಸ್ತ ಯೂರೋಪಿನ ರಕ್ಷಕನೆಂದು ನೂರಾರು ಪುಟ ಬರೆದಿಟ್ಟಿದ್ದ. ಅದನ್ನು ಓದಿದವರು ಅವನು ನಿಜವಾದ ಕ್ರೈಸ್ತನೇ ಅಲ್ಲ ಎಂದು ವಿವರಿಸಲು ಪಟ್ಟಷ್ಟು ಶ್ರಮವನ್ನು, ಹಿಂಸೆಯನ್ನು ನಿರಾಕರಿಸುವ ಕೋಟ್ಯಂತರ ಮುಸ್ಲಿಮರ ವಿಷಯದಲ್ಲೂ ಪಡಬೇಕಲ್ಲವೇ?

ಈ ವ್ಯತ್ಯಾಸ ಪೂರ್ತಿಯಾಗಿ ದ್ವೇಷದಿಂದ ಬಂದದ್ದಲ್ಲ ಎಂಬುದನ್ನೂ ನೀವು ತಿಳಿದಿರಬೇಕು. ಇಲ್ಲಿಯ ಫೆಡರಲ್ ಕಾನೂನಿನಲ್ಲಿ ದೇಶದೊಳಗಿನ ಭಯೋತ್ಪಾದನೆಗೆ ವ್ಯಾಖ್ಯೆ ಇದೆ, ಅದೇ ಹೆಸರಿನ ಪ್ರತ್ಯೇಕ ಅಪರಾಧವಿಲ್ಲ. ವಿದೇಶಿ ಸಂಘಟನೆಗಳಿಗಾದರೆ ವಿದೇಶಾಂಗ ಇಲಾಖೆಯ ಪಟ್ಟಿ ಇದೆ. ಆ ಪಟ್ಟಿಯಲ್ಲಿರುವವರಿಗೆ ನೆರವಾದರೆ ಅದೇ ಒಂದು ಭಯೋತ್ಪಾದನೆಯ ಮೊಕದ್ದಮೆ. ಹೀಗಾಗಿ 2015ರ ಜೂನ್‌ನಲ್ಲಿ ಚಾರ್ಲ್ಸ್‌ಟನ್‌ನ ಕರಿಯರ ಚರ್ಚಿನಲ್ಲಿ ಬೈಬಲ್ ಓದುತ್ತಿದ್ದ ಒಂಬತ್ತು ಮಂದಿಯನ್ನು ಕೊಂದ ಡೈಲನ್ ರೂಫ್ ಮೇಲೆ ದ್ವೇಷಾಪರಾಧದ ಆರೋಪ ಬಂತೇ ಹೊರತು ಭಯೋತ್ಪಾದನೆಯದು ಬರಲಿಲ್ಲ. ಅವನು ಲೂಥರನ್ ಎಂಬ ಕ್ರೈಸ್ತ ಪಂಥದ ಒಂದು ಸಭೆಗೆ ಸೇರಿದವನಾಗಿದ್ದ. ಆ ಪಂಥದ ಅಂದಿನ ಮುಖ್ಯ ಬಿಷಪ್ ಎಲಿಜಬೆತ್ ಈಟನ್, ಯಾರೂ ಒತ್ತಾಯಿಸದೆಯೇ, ಆರೋಪಿ ನಮ್ಮವನೇ ಎಂದು ತಮ್ಮ ಸಭೆಯವರಿಗೆ ಬರೆದರು. ಮಸೀದಿಯವರಿಗಾದರೆ ಹೀಗೆ ತಾವಾಗಿಯೇ ಹೇಳುವಷ್ಟು ಸಮಯವೂ ಸಿಗುವುದಿಲ್ಲ. ಹೆಸರು ಹೊರಬಿದ್ದ ಅರ್ಧ ಗಂಟೆಯಲ್ಲಿ ಮೈಕ್‌ಗಳು ಗೇಟಿನ ಮುಂದೆ ಇರುತ್ತವೆ. ಪತ್ರಿಕೆಗಳ ಪಾಲಿನ ಬಗ್ಗೆ ಒಂದೇ ಅಂಕಿ ಸಾಕು: 2006ರಿಂದ 2015ರವರೆಗೆ ಅಮೆರಿಕದಲ್ಲಿ ನಡೆದ ಭಯೋತ್ಪಾದಕ ದಾಳಿಗಳ ಸುದ್ದಿಯನ್ನು ಲೆಕ್ಕ ಹಾಕಿದ ಸಂಶೋಧಕರು, ಸಾವಿನ ಸಂಖ್ಯೆಯಂಥ ಅಂಶಗಳನ್ನು ಸರಿದೂಗಿಸಿ ನೋಡಿದರೂ, ಮುಸ್ಲಿಂ ದಾಳಿಕೋರರಿದ್ದ ಘಟನೆಗಳಿಗೆ ಶೇ. 357ರಷ್ಟು ಹೆಚ್ಚು ಪ್ರಚಾರ ಸಿಕ್ಕಿತ್ತೆಂದು ಕಂಡುಕೊಂಡರು.

ಇಷ್ಟು ಬರೆದ ಮೇಲೆ ನಮ್ಮವರ ಬಗ್ಗೆ ಹೇಳದಿದ್ದರೆ ಅನ್ಯಾಯವಾಗುತ್ತದೆ. ಇಲ್ಲಿಯ ನಮ್ಮ ವಾಟ್ಸಾಪ್ ಗುಂಪುಗಳನ್ನು ದಾಳಿಯ ದಿನ ಗಮನಿಸಿ ನೋಡಿ. ಮೊದಲ ಒಂದೆರಡು ಗಂಟೆ ಎಲ್ಲರೂ ಮೌನ, ಹೆಸರಿಗಾಗಿ ಕಾಯುತ್ತಿರುತ್ತಾರೆ. ಹೆಸರು ಒಂದು ಬಗೆಯದಾದರೆ ಫಾರ್ವರ್ಡ್‌ಗಳ ಸುರಿಮಳೆ, ಇನ್ನೊಂದು ಬಗೆಯದಾದರೆ ಬಂದೂಕು ಕಾನೂನಿನ ಬಗ್ಗೆ ಒಂದು ನಿಟ್ಟುಸಿರು ಬಿಟ್ಟು ಯಾರದೋ ಹುಟ್ಟುಹಬ್ಬದ ಶುಭಾಶಯಕ್ಕೆ ಹೊರಳುತ್ತಾರೆ. 1991ರಲ್ಲಿ ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿಯವರನ್ನು ಆತ್ಮಹತ್ಯಾ ಬಾಂಬಿನಿಂದ ಕೊಂದ, ಶ್ರೀಲಂಕಾದ ತಮಿಳರ ಸಶಸ್ತ್ರ ಸಂಘಟನೆ ಎಲ್‌ಟಿಟಿಇಯಲ್ಲಿದ್ದವರು ಬಹುಪಾಲು ಹಿಂದೂ ಮನೆಗಳಲ್ಲಿ ಹುಟ್ಟಿದವರು. ಅದನ್ನು ಹಿಂದೂ ಭಯೋತ್ಪಾದನೆ ಎಂದು ಯಾರಾದರೂ ಕರೆದಿದ್ದರೆ ನಾವು ಸಿಡಿದೇಳುತ್ತಿದ್ದೆವು. ಭಾಷೆ, ನೆಲ, ಸಿಂಹಳರ ಆಡಳಿತ ಎಂದು ಒಂದೊಂದಾಗಿ ಬಿಡಿಸಿ ವಿವರಿಸುತ್ತಿದ್ದೆವು. ಅಂಥ ವಿವರಣೆಯನ್ನು ಇನ್ನೊಬ್ಬರ ಬಾಯಿಂದ ಕೇಳಿಸಿಕೊಳ್ಳುವ ತಾಳ್ಮೆ ಮಾತ್ರ ನಮಗಿಲ್ಲ.

ಇನ್ನು ನಿಮ್ಮ ಕಚೇರಿಯ ವಿಷಯ. ಸಹೋದ್ಯೋಗಿ ಮತ್ತೆ ಕೇಳಿದರೆ "ಯಾಕೆ ಕೇಳುತ್ತಿದ್ದೀರಿ?" ಎಂದು ಶಾಂತವಾಗಿ ಮರುಪ್ರಶ್ನೆ ಹಾಕಿ, ಹತ್ತರಲ್ಲಿ ಎಂಟು ಮಂದಿ ಅಲ್ಲಿಗೇ ತಡವರಿಸಿ ಕ್ಷಮೆ ಕೇಳುತ್ತಾರೆ ಎಂಬುದು ನನ್ನ ಅನುಭವ. ಅದು ಕಿರುಕುಳದ ಮಟ್ಟಕ್ಕೆ ಹೋದರೆ ದಿನಾಂಕ ಸಮೇತ ಬರೆದಿಟ್ಟುಕೊಂಡು ಎಚ್‌ಆರ್‌ಗೆ ತಿಳಿಸಿ. 15 ಅಥವಾ ಹೆಚ್ಚು ನೌಕರರಿರುವ ಕಡೆ 1964ರ ನಾಗರಿಕ ಹಕ್ಕುಗಳ ಕಾಯ್ದೆ ಧರ್ಮ ಮತ್ತು ಮೂಲ ದೇಶದ ಆಧಾರದ ತಾರತಮ್ಯವನ್ನು ನಿಷೇಧಿಸುತ್ತದೆ. ವೀಸಾದ ಮೇಲೆ ಇರುವವರಿಗೂ ಅದು ಅನ್ವಯಿಸುತ್ತದೆ, ದೂರು ಕೊಟ್ಟಿದ್ದಕ್ಕಾಗಿ ಹಗೆ ಸಾಧಿಸುವುದೂ ಕಾನೂನುಬಾಹಿರ.

ನಿಮ್ಮ ಪತ್ರದ ಕೊನೆಯಲ್ಲಿ ಒಂದು ಸಾಲು ಇದೆ. ನಿಮ್ಮ ತಂಡದಲ್ಲಿರುವ ಲಾಹೋರಿನ ಹುಡುಗ ಅಂದಿನಿಂದ ಊಟದ ಕೋಣೆಗೆ ಬರುತ್ತಿಲ್ಲ, ತನ್ನ ಮೇಜಿನಲ್ಲೇ ಊಟ ಮುಗಿಸುತ್ತಾನೆ ಎಂದು ಬರೆದಿದ್ದೀರಿ. ನಾಳೆ ನಿಮ್ಮ ಡಬ್ಬಿ ತೆಗೆದುಕೊಂಡು ಅವನ ಮೇಜಿಗೆ ಹೋಗಿ. ನನ್ನ ಹೈದರಾಬಾದಿನ ಮಿತ್ರರ ಬಳಿ ಆ ಗ್ಯಾಸ್ ಸ್ಟೇಷನ್ನಿನ ಮಾತೆತ್ತಲು ನಾನು ಏಳು ವಾರ ತೆಗೆದುಕೊಂಡೆ. ಅಷ್ಟರಲ್ಲಿ ಅವರು ಬೇರೆ ರಾಜ್ಯದಲ್ಲಿ ಕೆಲಸ ಹಿಡಿದು ಮನೆ ಖಾಲಿ ಮಾಡಿದ್ದರು.