ಸಂಪಾದಕರ ಉತ್ತರ: ಲಾಭ ಇದೆ, ದುಡ್ಡು ಎಲ್ಲಿ?

ಪ್ರಿಯ ಸಹೋದರಿ,

ನಿಮ್ಮ ನಾಲ್ಕು ಪುಟದ ಪತ್ರವನ್ನು ಎರಡು ಸಲ ಓದಿದೆ. ಹೆಸರು ಬೇಡ ಅಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗಾಗಿ ವಿಷಯ ಇಷ್ಟು: ಮೂರು ವರ್ಷದಿಂದ ನೀವು ಬಟ್ಟೆಯ ಚೀಲ ಹೊಲಿಸಿ ಅಂಗಡಿಗಳಿಗೆ ಕೊಡುತ್ತಿದ್ದೀರಿ. ತಿಂಗಳಿಗೆ 500 ಚೀಲ ಹೋಗುತ್ತಿದ್ದದ್ದು ಈಗ 1000 ಆಗಿದೆ. ಲೆಕ್ಕದ ಪುಸ್ತಕದಲ್ಲಿ ಲಾಭ ಕಾಣುತ್ತದೆ. ಆದರೆ ಹೊಲಿಯುವವರಿಗೆ ಸಂಬಳ ಕೊಡುವ ದಿನ ಕೈ ಖಾಲಿ. "ವ್ಯಾಪಾರ ಜಾಸ್ತಿ ಆದಮೇಲೆ ನೆಮ್ಮದಿಯೂ ಜಾಸ್ತಿ ಆಗಬೇಕಿತ್ತು ಅಲ್ವಾ?" ಅಂತ ಬರೆದಿದ್ದೀರಿ. ಸಾಲ ತೆಗೆಯಲಾ, ಬೆಲೆ ಇಳಿಸಲಾ ಅಂತಲೂ ಕೇಳಿದ್ದೀರಿ.

ಮೊದಲು ಧೈರ್ಯ ತಂದುಕೊಳ್ಳಿ. ನಿಮ್ಮ ಲಾಭ ಎಲ್ಲೂ ಕಳೆದುಹೋಗಿಲ್ಲ. ಸ್ವಲ್ಪ ನಿಮ್ಮ ಕಪಾಟಿನಲ್ಲಿ ಬಟ್ಟೆಯಾಗಿ ಕೂತಿದೆ, ಉಳಿದದ್ದು ಅಂಗಡಿಯವರ ಹತ್ತಿರ ಬಾಕಿಯಾಗಿದೆ.

ನೀವೇ ಕೊಟ್ಟ ವಿವರ ಇಟ್ಟುಕೊಂಡು ದಿನ ಎಣಿಸೋಣ. ಬಟ್ಟೆಗೆ ತಂದ ದಿನವೇ ದುಡ್ಡು ಕೊಡುತ್ತೀರಿ. ಅದು 20 ದಿನ ಕಪಾಟಿನಲ್ಲಿರುತ್ತದೆ. ಕತ್ತರಿಸಿ ಹೊಲಿದು ಕಳಿಸೋಕೆ 10 ದಿನ. ಅಂಗಡಿಯವರು 30 ದಿನ ಅಂತ ಹೇಳಿ 60 ದಿನಕ್ಕೆ ಕೊಡುತ್ತಾರೆ. ಅಲ್ಲಿಗೆ ಕೈಬಿಟ್ಟ ದುಡ್ಡು ಮತ್ತೆ ಕೈಗೆ ಬರೋಕೆ 90 ದಿನ. ತಿಂಗಳಿಗೆ 500 ಚೀಲ ಇದ್ದಾಗ ಯಾವತ್ತೂ 1500 ಚೀಲದ ಬಟ್ಟೆಯ ದುಡ್ಡು ಹೊರಗಿರುತ್ತಿತ್ತು. ಈಗ 3000 ಚೀಲದ್ದು ಹೊರಗಿದೆ. ನಿಮ್ಮ ಲಾಭವೆಲ್ಲ ಈ ಹಳ್ಳ ತುಂಬೋಕೆ ಹೋಗಿದೆ.

ಇದು ನನಗೆ ಪುಸ್ತಕ ಓದಿ ಗೊತ್ತಾದದ್ದಲ್ಲ. ಈ ಪತ್ರಿಕೆ ಶುರುವಾದ ಹೊಸದರಲ್ಲಿ ಪ್ರತಿಗಳು ಏರುತ್ತಾ ಹೋದವು. ಕಾಗದಕ್ಕೆ ಮುಂಗಡ ಕೊಡಬೇಕು. ಏಜೆಂಟರ ದುಡ್ಡು, ಮಾರದೆ ಉಳಿದ ಪ್ರತಿ ವಾಪಸ್ ಬಂದು ಲೆಕ್ಕವಾದ ಮೇಲೆ, ಎರಡು ತಿಂಗಳಿಗೆ ಬರುತ್ತಿತ್ತು. ಒಂದು ತಿಂಗಳು ಸಂಬಳ ಒಂದು ವಾರ ತಡವಾಯಿತು. ಅಚ್ಚಿನ ಮೊಳೆ ಜೋಡಿಸುತ್ತಿದ್ದ ಹಿರಿಯರೊಬ್ಬರು ಏನೂ ಕೇಳಲಿಲ್ಲ. ಸಂಜೆ ಹೋಗುವಾಗ ಬಾಗಿಲ ಹತ್ತಿರ ಒಂದು ಗಳಿಗೆ ನಿಂತು, ಚಪ್ಪಲಿ ಮೆಟ್ಟಿ ಹೊರಟರು. ಆ ರಾತ್ರಿಯೇ ಒಂದು ನೋಟ್‌ಬುಕ್ ತೆಗೆದು ಗೆರೆ ಎಳೆದೆ. ಎಡಗಡೆ ಮುಂದಿನ 12 ವಾರಗಳಲ್ಲಿ ಯಾವ ವಾರ ಎಷ್ಟು ಬರುತ್ತದೆ, ಬಲಗಡೆ ಎಷ್ಟು ಹೋಗುತ್ತದೆ. ಬರಬಹುದು ಅನ್ನೋದನ್ನ ಬರೆಯಲಿಲ್ಲ, ಖಂಡಿತ ಬರುವುದನ್ನಷ್ಟೇ ಬರೆದೆ. ಏಳನೇ ವಾರದಲ್ಲಿ ದೊಡ್ಡ ಕೊರತೆ ಕಾಣಿಸಿತು. ಏಳು ವಾರ ಮೊದಲೇ ಗೊತ್ತಾದದ್ದರಿಂದ ಸರಿಮಾಡೋಕೆ ಸಮಯ ಸಿಕ್ಕಿತು. ಆ ಲೆಕ್ಕವನ್ನು ಇವತ್ತಿಗೂ ಪ್ರತಿ ಸೋಮವಾರ ಬರೆಯುತ್ತೇನೆ. ನೀವೂ ಬರೆಯಿರಿ, ಅರ್ಧ ಗಂಟೆ ಸಾಕು.

ಆಮೇಲೆ ಬಾಕಿಗೆ ಬನ್ನಿ. ತಿಂಗಳ ಕೊನೆಗೆ ಎಲ್ಲ ಬಿಲ್ ಒಟ್ಟಿಗೆ ಬರೆಯುತ್ತೀರಂತೆ. ಅದನ್ನು ಈಗಲೇ ಬಿಡಿ. ಸರಕು ಹೋದ ದಿನವೇ ಬಿಲ್ ಹೋಗಬೇಕು, ದುಡ್ಡು ಕೊಡಬೇಕಾದ ತಾರೀಕು ಅದರ ಮೇಲಿರಬೇಕು. ತಾರೀಕಿಗೆ ಎರಡು ದಿನ ಮುಂಚೆ ಫೋನ್ ಮಾಡಿ: "ಸರ್, ಚೀಲ ಸರಿಯಾಗಿ ಬಂದಿದೆಯಾ? ಶುಕ್ರವಾರ ಬಿಲ್ಲಿನ ತಾರೀಕು, ನೆನಪಿಸೋಣ ಅಂತ ಮಾಡಿದೆ." ಇಷ್ಟೇ. ನಮ್ಮ ದುಡ್ಡು ಕೇಳೋಕೆ ಸಂಕೋಚ ಯಾಕೆ? ನಿಮ್ಮ ಸರಕಿನಲ್ಲಿ ಅರ್ಧದಷ್ಟು ಒಬ್ಬರೇ ಕೊಳ್ಳುತ್ತಾರೆ, ತಡ ಮಾಡುವವರೂ ಅವರೇ ಅಂದಿದ್ದೀರಿ. ನಿಮ್ಮ ಪತ್ರದಲ್ಲಿ ನನಗೆ ಭಯ ತಂದದ್ದು ಈ ಒಂದು ಸಾಲು. ಅವರ ಜೊತೆ ಜಗಳ ಬೇಡ. ಹಳೇ ಬಾಕಿ ಕಂತಿನಲ್ಲಿ ತೀರಲಿ, ಹೊಸ ಆರ್ಡರಿಗೆ ಮೂರರಲ್ಲಿ ಒಂದು ಪಾಲು ಮುಂಗಡ ಕೇಳಿ. ಜೊತೆಗೆ ಸಣ್ಣ ಗಿರಾಕಿಗಳನ್ನು ಹುಡುಕಲು ಇವತ್ತಿಂದಲೇ ಶುರುಮಾಡಿ.

ಬಟ್ಟೆ 10 ದಿನಕ್ಕಾಗುವಷ್ಟೇ ತಂದು, ಬಾಕಿ 30 ದಿನಕ್ಕೆ ಬರುವಂತಾದರೆ 90 ದಿನ 50ಕ್ಕೆ ಇಳಿಯುತ್ತದೆ. ಅದೇ 1000 ಚೀಲದ ವ್ಯಾಪಾರಕ್ಕೆ ಸುಮಾರು 1,670 ಚೀಲದ ದುಡ್ಡು ಹೊರಗಿದ್ದರೆ ಸಾಕು. ಉಳಿದ 1,300 ಚಿಲ್ಲರೆ ಚೀಲದ ದುಡ್ಡು, ಬಡ್ಡಿ ಇಲ್ಲದೆ, ನಿಮ್ಮ ಕೈಗೆ. ಹಾಗಾಗಿ ಬಾಕಿ ತುಂಬಿಸೋಕೆ ಸಾಲ ಬೇಡ. ಹೊಸ ಹೊಲಿಗೆ ಯಂತ್ರಕ್ಕಾದರೆ, ಅದರ ದುಡಿಮೆಯಲ್ಲೇ ಕಂತು ತೀರುತ್ತದೆ ಅಂತ ಲೆಕ್ಕ ಸಿಕ್ಕಿದ ಮೇಲೆ ಯೋಚಿಸಿ.

ಬೆಲೆ ಇಳಿಸುವ ವಿಚಾರ. ಪಕ್ಕದವರು ನೂರಕ್ಕೆ ಹತ್ತು ಇಳಿಸಿದ್ದಾರೆ ಅಂತ ನೀವೂ ಇಳಿಸಬೇಡಿ. 100ಕ್ಕೆ ಮಾರುವ ಚೀಲಕ್ಕೆ ನಿಮಗೆ 70 ಬೀಳುತ್ತದೆ, 30 ಉಳಿಯುತ್ತದೆ ಅಂದುಕೊಳ್ಳಿ. 90ಕ್ಕೆ ಮಾರಿದರೆ ಉಳಿಯುವುದು 20. 1000 ಚೀಲದಲ್ಲಿ ಬರುತ್ತಿದ್ದ ಲಾಭಕ್ಕೆ ಆಗ 1500 ಮಾರಬೇಕು. ಸುಮ್ನೆ 500 ಚೀಲ ಹೆಚ್ಚು ಹೊಲಿಸಿದಂತೆ. ಬದಲಿಗೆ 105 ಮಾಡಿದರೆ, 1000ದಲ್ಲಿ 140 ಚೀಲದ ಗಿರಾಕಿ ಬಿಟ್ಟುಹೋದರೂ ಲಾಭ ಅಷ್ಟೇ ಇರುತ್ತದೆ. ನಿಮ್ಮ ಹೊಲಿಗೆ ಕಿತ್ತು ಬಂದ ದೂರು ಮೂರು ವರ್ಷದಲ್ಲಿ ಒಂದೂ ಇಲ್ಲವಂತೆ. ಅದಕ್ಕೆ ಬೆಲೆ ಇದೆ, ಕೇಳಿ ಪಡೆಯಿರಿ.

ಇನ್ನೊಂದು ಮಾತು. ನೀವು ಸಂಬಳ ತಗೊಳ್ಳುತ್ತಿಲ್ಲ, ಮನೆಗೆ ಬೇಕಾದಾಗ ಗಲ್ಲಾದಿಂದ ತೆಗೆಯುತ್ತೀರಿ. ಚೀಲಕ್ಕೆ 70 ಬೀಳುತ್ತದೆ ಅನ್ನುವಾಗ ನಿಮ್ಮ ದುಡಿಮೆ ಅದರಲ್ಲಿ ಸೇರಿದೆಯಾ? ಇಲ್ಲದಿದ್ದರೆ ಆ ಲೆಕ್ಕವೇ ತಪ್ಪು. ಚಿಕ್ಕದಾದರೂ ತಿಂಗಳಿಗೊಂದು ಸಂಬಳ ಗೊತ್ತುಮಾಡಿಕೊಳ್ಳಿ. ಮನೆಗೊಂದು, ವ್ಯಾಪಾರಕ್ಕೊಂದು ಬ್ಯಾಂಕ್ ಖಾತೆ ಇರಲಿ.

ಈ ಸೋಮವಾರ ಆ 12 ವಾರದ ಲೆಕ್ಕ ಬರೆದು ನೋಡಿ. ಎಷ್ಟನೇ ವಾರದಲ್ಲಿ ಕೊರತೆ ಕಾಣುತ್ತದೆ ಅಂತ ನನಗೆ ಒಂದು ಕಾರ್ಡ್ ಹಾಕಿ. ಮುಂದಿನದನ್ನು ಅಲ್ಲಿಂದ ಮಾತಾಡೋಣ.

ನಿಮ್ಮ,
ಸಂಪಾದಕ