4 ಅಡಿ ಅಕ್ವೇರಿಯಂಗೆ ತೋಟದ ಸಿಲ್ವರ್ ಓಕ್‌ನಲ್ಲಿ ಸ್ಟ್ಯಾಂಡ್ ಮಾಡಿಸಬಹುದಾ?

ಟ್ಯಾಂಕ್ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, 2 ಅಡಿ ಎತ್ತರ. ತೋಟದಲ್ಲಿ ಕೊಯ್ಸಿದ ಸಿಲ್ವರ್ ಓಕ್ ಇದೆ, ಅದರ ಸ್ಟ್ಯಾಂಡ್ ತಡೆಯುತ್ತಾ ಅಂತ ಕೇಳಿದ್ದೀರಿ. ನಾನೂ ಚಿಕ್ಕಮಗಳೂರಿನವನೇ. ತೂಕಕ್ಕೇನೋ ತಡೆಯುತ್ತದೆ. ನಮ್ಮ ಮಳೆಗಾಲಕ್ಕೆ ತಡೆಯುವುದು ಅನುಮಾನ.

ಮೊದಲು ತೂಕ ನೋಡಿ. ನೀರೇ ಸುಮಾರು 340 ಕೆಜಿ. 10 ಎಂಎಂ ಗಾಜು 65 ಕೆಜಿ ಹತ್ತಿರ. ಮೇಲೆ ಕಲ್ಲು, ಮರಳು. ಎಲ್ಲ ಸೇರಿ 450 ಕೆಜಿ, ಅಂದ್ರೆ ಒಂಬತ್ತು ಮೂಟೆ ಕಾಫಿ ಹಗಲು ರಾತ್ರಿ ಅಲ್ಲೇ ಕೂತಿರುತ್ತೆ. 3 ಇಂಚು ಚೌಕದ ನಾಲ್ಕು ಕಾಲಿಗೆ ಇದು ದೊಡ್ಡ ಭಾರವೇನಲ್ಲ. ಕೈಕೊಡುವುದು ಜಾಯಿಂಟ್.

ಅವಸರದಲ್ಲಿ ಕೆಲವರು ಕಾಲಿನ ಪಕ್ಕಕ್ಕೆ ಅಡ್ಡಪಟ್ಟಿ ಹಚ್ಚಿ ಸ್ಕ್ರೂ ಬಿಗಿದುಬಿಡುತ್ತಾರೆ. ಆಗ ಅಷ್ಟೂ ಭಾರ ಸ್ಕ್ರೂ ಮೇಲೆ. ಹಾಗೆ ಬಿಡಬೇಡಿ. ಪಟ್ಟಿ ಕಾಲಿನ ತಲೆ ಮೇಲೆ ಕೂರಬೇಕು, ಇಲ್ಲವೇ ಕಾಲಿನಲ್ಲಿ ಕಚ್ಚು ತೆಗೆದು ಅದರೊಳಗೆ ಕೂರಿಸಬೇಕು. ಸ್ಕ್ರೂ, ಫೆವಿಕಾಲ್ ಇರುವುದು ಅಲುಗದಂತೆ ಹಿಡಿಯಲು ಮಾತ್ರ. 2x4 ಇಂಚಿನ ಪಟ್ಟಿಯನ್ನು ಮಲಗಿಸದೆ ನಿಲ್ಲಿಸಿ ಹಾಕಿಸಿ. ಬಾಗದೆ ನಿಲ್ಲುವ ಶಕ್ತಿ ನಾಲ್ಕು ಪಟ್ಟು ಜಾಸ್ತಿ. ಹಿಂಭಾಗಕ್ಕೆ ಪೂರ್ತಿ 12 ಎಂಎಂ ಪ್ಲೈವುಡ್ ಹೊಡೆಸಿ. ಸ್ಟ್ಯಾಂಡ್ ಪಕ್ಕಕ್ಕೆ ವಾಲದಂತೆ ತಡೆಯುವುದು ಅದೇ. ಪೈಪಿಗೆ ಸಣ್ಣ ತೂತು ಸಾಕು.

ಇನ್ನು ಮರ. ಸಿಲ್ವರ್ ಓಕ್‌ಗೆ ಹುಳ ಬೇಗ ಬೀಳುತ್ತೆ, ಒದ್ದೆಯನ್ನೂ ತಡೆಯೋದಿಲ್ಲ. ಅಕ್ವೇರಿಯಂ ಅಂದ ಮೇಲೆ ವಾರ ವಾರ ನೀರು ಬದಲಿಸುವಾಗ ಚೆಲ್ಲದೆ ಇರುತ್ತಾ? ನೆಲ ಒರೆಸಿದ ನೀರನ್ನೂ ಕಾಲಿನ ತುದಿ ಕುಡಿಯುತ್ತೆ. ನಾನಾದರೆ ಚೆನ್ನಾಗಿ ಒಣಗಿದ ಹಲಸು ಹಾಕಿಸುತ್ತೇನೆ. ಹಳೇ ಮನೆ ಕೆಡವಿದ ಕಡೆ ತೊಲೆ, ಜಂತೆ ಸಿಕ್ಕರೆ ಇನ್ನೂ ಒಳ್ಳೇದು. ಎಷ್ಟೋ ವರ್ಷ ಒಣಗಿದ ಮರ, ಇನ್ನು ಸೊಟ್ಟ ಆಗುವ ಭಯ ಕಡಿಮೆ. ಕುಯ್ಸುವ ಮೊದಲು ಮೊಳೆ ಮಾತ್ರ ಹುಡುಕಿ ತೆಗೆಸಿ, ಇಲ್ಲದಿದ್ದರೆ ಮಿಲ್‌ನವರು ಬೈಯ್ತಾರೆ. ಸಿಲ್ವರ್ ಓಕೇ ಬೇಕು ಅಂದ್ರೆ ಹುಳದ ಔಷಧಿ ಹೊಡೆಸಿ, ಕಾಲಿನ ತುದಿಗೂ ಬಿಡದೆ ಪೇಂಟ್ ಮಾಡಿಸಿ, ಕೆಳಗೆ ರಬ್ಬರ್ ಕೊಡಿ.

ಮೇಲುಹಾಸಿಗೆ 18 ಎಂಎಂ ವಾಟರ್‌ಪ್ರೂಫ್ ಪ್ಲೈವುಡ್. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬೇಡವೇ ಬೇಡ, ನೀರು ತಾಗಿದರೆ ಉಬ್ಬುತ್ತೆ. ಟ್ಯಾಂಕಿನ ತಳ ಬರೀ ಗಾಜಾಗಿದ್ದರೆ ಅದರಡಿ ಥರ್ಮಾಕೋಲ್ ಹಾಸಿ. ಒಂದು ಸಣ್ಣ ಕಲ್ಲಿನ ಚೂರು ಸಿಕ್ಕಿಹಾಕಿಕೊಂಡರೂ ಗಾಜು ಬಿರುಕು ಬಿಡಬಹುದು.

ಹಳೇ ಮನೆಯ ಮರದ ಅಟ್ಟದ ಮೇಲೆ ಮಾತ್ರ ಇಡಬೇಡಿ. ಕೆಳಗಿನ ನೆಲವೂ ಮಟ್ಟ ಇರುತ್ತೆ ಅಂತ ನಂಬಬೇಡಿ, ರೆಡ್ ಆಕ್ಸೈಡ್ ನೆಲ ಎಷ್ಟೋ ಕಡೆ ಬಾಗಿಲ ಕಡೆಗೆ ಇಳಿಜಾರು. ಕಾಲು ಭಾಗ ನೀರು ತುಂಬಿ ನಿಲ್ಲಿಸಿ. ನಾಲ್ಕೂ ಮೂಲೆಯಲ್ಲಿ ನೀರಿನ ಗೆರೆಯನ್ನು ಟೇಪಿನಲ್ಲಿ ಅಳೆಯಿರಿ. ವ್ಯತ್ಯಾಸ ಇದ್ದರೆ ಪೂರ್ತಿ ಖಾಲಿ ಮಾಡಿ ಕಾಲಿನಡಿ ಚಕ್ಕೆ ಕೊಡಿ. ನೀರಿದ್ದಾಗ ಎತ್ತೋಕೆ ಹೋಗಬೇಡಿ.